ಮಳೆಯಲ್ಲಿ ಮುಗಿಸಿದವರಿಗೂ ನಡುವೆ ನಿಂತವರಿಗೂ

ದೌಂಡದ ಬೆಳಗಿನ ಓಟದ ಗುಂಪಿನಲ್ಲಿರುವ ಕನ್ನಡದ ಅಣ್ಣಂದಿರಿಗೆ, ಅಕ್ಕಂದಿರಿಗೆ, ತಮ್ಮಂದಿರಿಗೆ ಶರಣು.

ಗುಂಪಿನ ಮಾತು ಗುಂಪಿನಲ್ಲೇ ಮುಗಿಯಲಿ ಎಂದು ಕಾದೆ. ಮುಗಿಯಲಿಲ್ಲ. ಘಟ್ಟದ ಮ್ಯಾರಥಾನ್ ಆಗಿ ಎಲ್ಲರ ಬೂಟು ಒಣಗಿದವು, ಜಗಳ ಮಾತ್ರ ಇನ್ನೂ ಹಸಿಯಾಗಿಯೇ ಇದೆ. ಒಂದು ಕಡೆ ಕೊರಳಿಗೆ ಮೆಡಲ್ ಹಾಕಿಕೊಂಡು ಫೋಟೊ ಕಳಿಸಿದವರು. ಇನ್ನೊಂದು ಕಡೆ ಮೂವತ್ತನೇ ಕಿಲೋಮೀಟರಿನ ಆಚೀಚೆ ನಿಂತು, ಹಿಂದೆ ಬರುವ ವ್ಯಾನ್ ಹತ್ತಿ ಊರು ಸೇರಿದವರು. "ಬೆಲ್ಲದ ಗೊಂಬಿಗೋಳು, ಮಳ್ಯಾಗ ಕರಗಿಬಿಟ್ವು" ಎಂದು ಒಬ್ಬರು ಬರೆದರು. ನಕ್ಕವರು ಬಹಳ. "ತಗಡಿನ ಬಿಲ್ಲೆ ಸಲುವಾಗಿ ಜೀವಾ ಕೊಡೋ ಹುಚ್ಚರು" ಎಂದು ಇನ್ನೊಬ್ಬರು ಉತ್ತರ ಕೊಟ್ಟರು. ಅದಕ್ಕೂ ನಕ್ಕವರಿದ್ದರು, ಬಹುಶಃ ಅವರೇ. ಅಲ್ಲಿಂದ ಇಬ್ಬರು ಗುಂಪು ಬಿಟ್ಟು ಹೋಗಿದ್ದಾರೆ. ಅವರಿಬ್ಬರೂ ವ್ಯಾನ್ ಹತ್ತಿ ಬಂದವರೇ.

ಆ ಇಬ್ಬರಿಗೂ ತಲುಪಲಿ ಎಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಇಂಥ ಜಗಳ ನಮ್ಮದೊಂದೇ ಗುಂಪಿನದಲ್ಲ ಎಂಬುದೂ ಗೊತ್ತು. ಪ್ರತಿ ಮಳೆಗಾಲದ ಓಟದ ಮಾರನೇ ದಿನ ಬೆಳಗಾವಿಯಲ್ಲೂ ಹುಬ್ಬಳ್ಳಿಯಲ್ಲೂ ಬೆಂಗಳೂರಿನಲ್ಲೂ ಇದೇ ನಡೆಯುತ್ತದೆ.

ಮೊದಲು ನಮ್ಮ ಊರಿನ ಮಾತು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದಿಲ್ಲಿಗೆ ಹೋದ ಹಳಬರಿಗೆ ದೌಂಡ ಎಂದರೆ ಇಂಜಿನ್ ತಿರುಗಿಸುತ್ತಿದ್ದ ಜಂಕ್ಷನ್. ಅಫಜಲಪುರ, ಇಂಡಿ ಕಡೆಯ ನಮ್ಮ ಮನೆಗಳವರಿಗೆ ದೌಂಡ ಎಂದರೆ ನೀರಿನ ಲೆಕ್ಕ. ಆಷಾಢ ಬಂದರೆ ಅವ್ವ ಫೋನಿನಲ್ಲಿ ಕೇಳುವ ಮೊದಲ ಮಾತು, "ದೌಂಡದಾಗ ಎಷ್ಟು ನೀರು ಬರಾಕತ್ತೈತಿ?" ಇಲ್ಲಿ ಭೀಮೆಯಲ್ಲಿ ಅಳೆದ ಕ್ಯೂಸೆಕ್ ಉಜನಿ ಅಣೆಕಟ್ಟಿಗೆ ಎಷ್ಟು ನೀರು ಸೇರುತ್ತಿದೆ ಎಂಬುದನ್ನು ಹೇಳುತ್ತದೆ. ಉಜನಿ ತುಂಬಿತೆಂದರೆ ಕೆಳಗೆ ಸೊನ್ನ ಬ್ಯಾರೇಜ್, ಘತ್ತರಗಿ, ಗಾಣಗಾಪುರದ ದಂಡೆಯವರು ಎಚ್ಚರವಾಗಿರಬೇಕು. ಆದರೆ ಆ ನೀರು ದೌಂಡದ ಮೇಲೆ ಸುರಿದ ಮಳೆಯದಲ್ಲ. ಮುಳಶಿ, ಪವನಾ, ಖಡಕವಾಸಲಾದ ಮೇಲೆ ಸುರಿದದ್ದು ನಮ್ಮ ಹತ್ತಿರ ನದಿಯಾಗಿ ಬರುತ್ತದೆ. ಮಳೆಯಾಗಿ ಬರುವುದು ಕಡಿಮೆ, ನಾವಿರುವುದು ಘಟ್ಟದ ಮಳೆ ನೆರಳಿನಲ್ಲಿ. 2025ರ ಮೇ ಕೊನೆಯಲ್ಲಿ ದೌಂಡ, ಬಾರಾಮತಿ, ಇಂದಾಪುರದ ಮೇಲೆ ಒಮ್ಮೆಲೇ ಸುರಿದ ಮಳೆಗೆ ಜನ ಬೆಚ್ಚಿಬಿದ್ದದ್ದು ಅದಕ್ಕೇ, ಅದು ಇಲ್ಲಿಯ ರೂಢಿಯಲ್ಲ.

ಅಂದರೆ, ವರ್ಷವಿಡೀ ನಾವು ಓಡುವುದು ಒಣ ನೆಲದ ಮೇಲೆ, ಒಣ ಗಾಳಿಯಲ್ಲಿ. ನಾನವೀಜ್ ರಸ್ತೆಯಲ್ಲಿ ಏಪ್ರಿಲ್ ಬಿಸಿಲಿಗೂ ಜಗ್ಗದವರು ಘಟ್ಟದ ತುದಿಯ ಗಾಳಿಮಳೆಗೆ ಸಿಕ್ಕಾಗ ಮೈಗೆ ಅದು ಪೂರಾ ಹೊಸದು. ನಮ್ಮಲ್ಲಿ ಯಾರೂ ಮಳೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಓಡಿ ಅಭ್ಯಾಸ ಮಾಡಿದವರಲ್ಲ. ಇದನ್ನು ಒಪ್ಪಿಕೊಂಡ ಮೇಲೆ ಬೆಲ್ಲದ ಗೊಂಬೆ ಯಾರು, ಕಲ್ಲಿನ ಗೊಂಬೆ ಯಾರು ಎಂಬ ಮಾತಿಗೆ ಹೆಚ್ಚು ಅರ್ಥ ಉಳಿಯುವುದಿಲ್ಲ.

ಈಗ ನಿಮಗೊಂದು ಹಳೇ ಓಟದ ಕಥೆ ಹೇಳುತ್ತೇನೆ. ಗುಂಪಿನಲ್ಲಿ ಮ್ಯಾರಥಾನ್ ಓಟಗಾರ ಕಿಪ್ಚೋಗೆಯ ಹೆಸರು ದಿನಕ್ಕೊಮ್ಮೆ ಬರುತ್ತದೆ. ಈ ಹೆಸರು ಒಮ್ಮೆಯೂ ಬಂದದ್ದು ನಾನು ನೋಡಿಲ್ಲ: ಫಡೆಪ್ಪ ದರೆಪ್ಪ ಚೌಗುಲೆ. ಊರು ಬೆಳಗಾವಿ.

ಪುಣೆಯ ಡೆಕ್ಕನ್ ಜಿಮಖಾನಾ ನಿಮಗೆಲ್ಲ ಗೊತ್ತು, ಬಸ್ ನಿಲ್ದಾಣದ ಹೆಸರಾಗಿಯಾದರೂ. 1906ರಲ್ಲಿ ಹುಟ್ಟಿದ ಸಂಸ್ಥೆ. 1919ರ ಸುಮಾರಿಗೆ ಅದರ ಅಧ್ಯಕ್ಷರಾಗಿದ್ದವರು ದೊರಾಬ್ಜಿ ಟಾಟಾ. ಅಲ್ಲಿಯ ಕ್ರೀಡಾಕೂಟದಲ್ಲಿ ದೂರದ ಓಟಕ್ಕೆ ನಿಂತವರಲ್ಲಿ ಬಹಳ ಮಂದಿ ರೈತಾಪಿ ಹುಡುಗರು. ಕಾಲಿಗೆ ಬೂಟಿಲ್ಲ, ತರಬೇತಿ ಎಂಬುದಿಲ್ಲ. ಆದರೂ ಅವರ ವೇಳೆ ಯುರೋಪಿನ ಓಟಗಾರರ ವೇಳೆಗೆ ಹತ್ತಿರವಿದ್ದದ್ದನ್ನು ದೊರಾಬ್ಜಿ ಗಮನಿಸಿದರು. ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಆಗ ನಮ್ಮಲ್ಲಿ ಒಲಿಂಪಿಕ್ ಸಂಸ್ಥೆ ಇರಲಿಲ್ಲ, ಕಳಿಸುವ ಪದ್ಧತಿಯೂ ಇರಲಿಲ್ಲ. ದೊರಾಬ್ಜಿ ಮುಂದೆ ನಿಂತು ಹಣ ಹೊಂದಿಸಿದರು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೊರಟ ಆ ಸಣ್ಣ ತಂಡದಲ್ಲಿ ಮ್ಯಾರಥಾನ್‌ಗೆಂದು ಇಬ್ಬರಿದ್ದರು. ಒಬ್ಬರು ಚೌಗುಲೆ. ಇನ್ನೊಬ್ಬರು ಸದಾಶಿವ ದಾತಾರ.

(ರೈಲ್ವೆಯವನಾದ ನನಗೆ ಚೌಗುಲೆಯವರನ್ನು ದೌಂಡದ ಪ್ಲಾಟ್‌ಫಾರ್ಮಿನ ಮೇಲೆ ಇಳಿಸುವ ಆಸೆ ಬಹಳ. ಆದರೆ ಬೆಳಗಾವಿಯ ಗಾಡಿ ಮಿರಜ, ಸಾತಾರಾ ಮೇಲೆ ಪುಣೆ ಸೇರುತ್ತದೆ, ನಮ್ಮನ್ನು ಮುಟ್ಟುವುದೇ ಇಲ್ಲ. ಹಳಿ ಇಲ್ಲದ ಕಡೆ ಕಥೆ ಓಡಿಸಬಾರದು.)

1920ರ ಆಗಸ್ಟ್ 22. ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ, ಬೆಲ್ಜಿಯಂ ಇನ್ನೂ ಸುಧಾರಿಸಿಕೊಳ್ಳುತ್ತಿತ್ತು. ಅಂದು ಆಂಟ್‌ವರ್ಪ್‌ನಲ್ಲಿ ಮಳೆ, ಥಂಡಿ. ದಾರಿ ಬೇರೆ ಉದ್ದ: ಇಂದಿನ 42.195 ಕಿ.ಮೀ. ಅಲ್ಲ, 42.75 ಕಿ.ಮೀ. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ದಾರಿ ಅದು. ಗೆದ್ದವರು ಫಿನ್‌ಲ್ಯಾಂಡಿನ ಹಾನೆಸ್ ಕೊಲೆಹ್ಮೈನೆನ್, ಕಸುಬಿನಿಂದ ಇಟ್ಟಿಗೆ ಕಟ್ಟುವ ಗೌಂಡಿ. ಅವರ ವೇಳೆ 2 ತಾಸು 32 ನಿಮಿಷ 35.8 ಸೆಕೆಂಡ್. ಹದಿಮೂರು ಸೆಕೆಂಡಿನ ಒಳಗೇ ಎಸ್ಟೋನಿಯಾದ ಯೂರಿ ಲೊಸ್ಮನ್ ಮುಟ್ಟಿದರು. ಮೂರನೆಯವರಾದ ಇಟಲಿಯ ವಲೇರಿಯೊ ಆರ್ರಿ ಗೆರೆ ದಾಟಿದ ಮೇಲೆ ಲಾಗ ಹೊಡೆದು ತೋರಿಸಿದರಂತೆ. ಮಳೆಯಲ್ಲಿ ನಲವತ್ತೆರಡು ಕಿಲೋಮೀಟರ್ ಓಡಿ ಲಾಗ! ನಮ್ಮಲ್ಲಿ ಆವತ್ತು ಗೆರೆ ದಾಟಿದವರ ಗತಿ ಏನಾಗಿತ್ತು ಎಂಬುದನ್ನು ನೆನೆಸಿಕೊಳ್ಳಿ.

ಅದೇ ಮಳೆಯಲ್ಲಿ ಬೆಳಗಾವಿಯ ಚೌಗುಲೆ ಹತ್ತೊಂಬತ್ತನೆಯವರಾಗಿ ಮುಟ್ಟಿದರು. ವೇಳೆ 2 ತಾಸು 50 ನಿಮಿಷ 45.4 ಸೆಕೆಂಡ್. ನಿಮ್ಮ ಕೈಗಡಿಯಾರದ ಭಾಷೆಯಲ್ಲಿ ಹೇಳುವುದಾದರೆ, ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ತುಸು ಕಡಿಮೆ. ಆ ಲೆಕ್ಕದಲ್ಲಿ ಇಂದಿನ ದೂರವನ್ನು 2 ತಾಸು 49 ನಿಮಿಷದೊಳಗೆ ಮುಗಿಸಿದಂತೆ. ನಮ್ಮ ಗುಂಪಿನಲ್ಲಿ ಕಾರ್ಬನ್ ತಟ್ಟೆಯ ಬೂಟು ಹಾಕಿ, ಅರ್ಧ ತಾಸಿಗೊಮ್ಮೆ ಜೆಲ್ ಹೀರಿ, ಎದೆಬಡಿತ ಅಳೆಯುವ ಪಟ್ಟಿ ಕಟ್ಟಿಕೊಂಡು, ಡಿಸೆಂಬರ್‌ನ ಹಿತವಾದ ಚಳಿಯಲ್ಲಿ ಇದನ್ನು ಮುಟ್ಟಿದವರು ಎಷ್ಟು ಮಂದಿ? ಕೇಳಿದ್ದು ಹಂಗಿಸಲಿಕ್ಕಲ್ಲ. ನೂರು ವರ್ಷದ ಹಿಂದೆ ನಮ್ಮ ಸೀಮೆಯವನೊಬ್ಬ ಎಂಥ ಓಟ ಓಡಿದ್ದ ಎಂಬುದು ಸೆಕೆಂಡಿನ ಲೆಕ್ಕದಲ್ಲಿ ಗೊತ್ತಾಗಲಿ ಎಂದು.

ಇನ್ನೊಂದು ಹೆಸರು ಕೇಳಿ. ಅಂದು ಹದಿನಾರನೆಯವರಾಗಿ, ಚೌಗುಲೆಗಿಂತ ಎರಡು ನಿಮಿಷದಷ್ಟು ಮೊದಲು ಮುಟ್ಟಿದವರು ಜಪಾನಿನ ಶಿಜೊ ಕನಕುರಿ. 1912ರ ಸ್ಟಾಕ್‌ಹೋಮ್ ಮ್ಯಾರಥಾನ್‌ನಲ್ಲಿ ಸುಡುಬಿಸಿಲಿಗೆ ಬಳಲಿ, ನಡುದಾರಿಯಲ್ಲಿ ಓಟ ಬಿಟ್ಟು, ಯಾರಿಗೂ ಹೇಳದೆ ಊರಿಗೆ ಹೊರಟುಹೋದವರು ಇವರೇ. ಸ್ವೀಡನ್ನಿನವರು ಬಹಳ ಕಾಲ ಇವರನ್ನು "ಕಾಣೆಯಾದ ಓಟಗಾರ" ಎಂದೇ ಎಣಿಸಿದ್ದರು. 1967ರಲ್ಲಿ ಕರೆಸಿ, ಉಳಿದ ದಾರಿ ಮುಗಿಸಲು ಹೇಳಿ, ವೇಳೆ ಬರೆದುಕೊಂಡರು: 54 ವರ್ಷ, 8 ತಿಂಗಳು, 6 ದಿನ, ಮೇಲೆ ಕೆಲವು ತಾಸು. ಲೋಕವೆಲ್ಲ ಈ ತಮಾಷೆಯ ಲೆಕ್ಕವನ್ನು ನೆನಪಿಟ್ಟಿದೆ. ನನಗೆ ಮುಖ್ಯವೆನಿಸುವುದು ನಡುವಿನ 1920. ಬಿಸಿಲು ಕೆಡವಿದ ಅದೇ ಮನುಷ್ಯ ಎಂಟು ವರ್ಷದ ಮೇಲೆ ಮಳೆಯಲ್ಲಿ ಪೂರಾ ಓಡಿದ. ಆ ಸ್ಟಾಕ್‌ಹೋಮ್ ಬಿಸಿಲಿನಲ್ಲೇ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಾಝಾರೊ ಕುಸಿದುಬಿದ್ದು ಮಾರನೇ ದಿನ ತೀರಿಕೊಂಡಿದ್ದರು. ಓಟ ಬಿಟ್ಟ ಕನಕುರಿ ತೊಂಬತ್ತು ದಾಟಿ ಬದುಕಿದರು.

ಸದಾಶಿವ ದಾತಾರ? ಅವರು ಆಂಟ್‌ವರ್ಪ್‌ನಲ್ಲಿ ಓಟ ಮುಗಿಸಲಿಲ್ಲ. ದಾಖಲೆಯಲ್ಲಿ ಅವರ ಹೆಸರಿನ ಮುಂದೆ ನಮ್ಮ ಆ ಇಬ್ಬರ ಮುಂದಿರುವ ಮೂರು ಅಕ್ಷರಗಳೇ ಇವೆ, ಡಿಎನ್‌ಎಫ್. ಒಂದೇ ಕಡೆ ಆಯ್ಕೆಯಾಗಿ, ಒಂದೇ ಸಮುದ್ರ ದಾಟಿ, ಒಂದೇ ಗೆರೆಯ ಹಿಂದೆ ನಿಂತು, ಒಂದೇ ಮಳೆಯಲ್ಲಿ ನೆನೆದವರು ಅವರಿಬ್ಬರು. ಒಬ್ಬರು ಮುಟ್ಟಿದರು, ಒಬ್ಬರು ನಿಂತರು. ಭಾರತದ ಹೆಸರಿನಲ್ಲಿ ಓಡಿದ ಮೊದಲ ಒಲಿಂಪಿಕ್ ಮ್ಯಾರಥಾನ್ ಶುರುವಾದದ್ದೇ ಹೀಗೆ. ದಾತಾರರನ್ನು ಬೆಲ್ಲದ ಗೊಂಬೆ ಎನ್ನುವ ಧೈರ್ಯ ಯಾರಿಗಿದೆ ಹೇಳಿ.

ಕೊಳ್ಳೇಗಾಲದವರೋ ಕಲಬುರಗಿಯವರೋ, ನಮ್ಮಲ್ಲಿ ಎಲ್ಲರ ತಲೆಯಲ್ಲೂ ಕೂತಿರುವ ಮಾತೊಂದಿದೆ: ಮಳೆಯಲ್ಲಿ ಓಟ ಮುಗಿಸುವುದೆಂದರೆ ಗಟ್ಟಿ ಮನಸ್ಸಿನ ಮಾತು ಎಂದು. ಮನಸ್ಸು ಬೇಕು, ಹೌದು. ಆದರೆ ಅಂದು ಘಟ್ಟದ ಮೇಲೆ ಏನಾಯಿತೆಂಬುದನ್ನು ಮೈಯ ಕಡೆಯಿಂದ ನೋಡಿ. ಓಡುವಾಗ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬರೀ ಕಾವಾಗಿ ಹೋಗುತ್ತದೆ. ಆ ಕಾವೇ ಮಳೆಯಲ್ಲಿ ನಮ್ಮನ್ನು ಕಾಯುವುದು. ಜೋರಾಗಿ ಓಡುವಷ್ಟು ಹೊತ್ತು ಮಳೆ ಹಿತ, ಎಷ್ಟೋ ಜನ ತುಂತುರು ಮಳೆಯಲ್ಲೇ ತಮ್ಮ ಒಳ್ಳೆಯ ವೇಳೆ ಮಾಡಿದ್ದಾರೆ. ಕಷ್ಟ ಶುರುವಾಗುವುದು ಮೂವತ್ತರ ಮೇಲೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ತೀರುತ್ತದೆ, ಕಾಲು ಎಳೆಯುತ್ತದೆ, ಓಟ ನಡಿಗೆಯಾಗುತ್ತದೆ. ಒಲೆ ಆರುತ್ತದೆ, ಬಟ್ಟೆ ಮಾತ್ರ ಹಸಿಯಾಗಿಯೇ ಇರುತ್ತದೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ಮೈ ಕಾವನ್ನು ಒಯ್ಯುತ್ತದೆ. ಅದರ ಮೇಲೆ ಘಟ್ಟದ ಗಾಳಿ. ಮೈಯೊಳಗಿನ ಕಾವು 37 ಡಿಗ್ರಿಯಿಂದ 35ಕ್ಕೆ ಇಳಿಯಿತೆಂದರೆ ಅದು ಆಗಲೇ ಕಾಯಿಲೆ.

ಆದ್ದರಿಂದ ಥಂಡಿ ಮಳೆಯಲ್ಲಿ ಹೆಚ್ಚು ಅಪಾಯ ಇರುವುದು ಮುಂದೆ ಓಡುವವರಿಗಲ್ಲ, ಹಿಂದೆ ನಡೆಯುವವರಿಗೆ. ಎರಡೂವರೆ ತಾಸಿನಲ್ಲಿ ಮುಗಿಸಿದವನು ಎರಡೂವರೆ ತಾಸು ನೆನೆದ, ಐದೂವರೆ ತಾಸಿನವನು ಐದೂವರೆ ತಾಸು ನೆನೆದ, ಅದೂ ಕಡಿಮೆ ಕಾವಿನಲ್ಲಿ. ನಮ್ಮ ಗುಂಪಿನಲ್ಲಿ ವ್ಯಾನ್ ಹತ್ತಿದವರೆಲ್ಲ ನಿಧಾನದ ಓಟಗಾರರು. ಹಂಗಿಸಿದವರೆಲ್ಲ ಜೋರಿನವರು, ಉಳಿದವರು ಇನ್ನೂ ಘಟ್ಟ ಇಳಿಯುತ್ತಿದ್ದಾಗ ಬಿಸಿ ಚಹಾ ಕುಡಿದು ಒಣ ಅಂಗಿ ತೊಟ್ಟವರು. ಇಬ್ಬರೂ ಓಡಿದ ಮಳೆ ಒಂದೇ ಅಲ್ಲ.

ಅಂದು ಓಟ ತಡವಾಗಿ ಬಿಟ್ಟದ್ದು, ಗೆರೆಯ ಹಿಂದೆ ಎಲ್ಲರೂ ಬನಿಯನ್ನಿನಲ್ಲಿ ನೆನೆಯುತ್ತ ನಿಂತದ್ದು, ಹಿಂದಿನವರು ಬರುವ ಹೊತ್ತಿಗೆ ನೀರಿನ ಟೇಬಲ್‌ಗಳನ್ನು ಎತ್ತಿಟ್ಟದ್ದು, ಇವೆಲ್ಲ ನಿಮಗೆ ಗೊತ್ತಿರುವ ಮಾತು. ಅದನ್ನು ನಡೆಸಿದವರ ಜೊತೆ ಬೇರೆಯಾಗಿ ಮಾತಾಡೋಣ. ಅವರ ಹೆಸರು ಈ ಪತ್ರಕ್ಕೆ ಬೇಡ.

ನಿಲ್ಲಬೇಕಾದ ಗುರುತುಗಳನ್ನು ಎಲ್ಲರೂ ಬಾಯಿಪಾಠ ಮಾಡಿ. ನಡುಕ ಬಂದರೆ ಮೈ ಇನ್ನೂ ಹೋರಾಡುತ್ತಿದೆ ಎಂದರ್ಥ, ಬೆಚ್ಚಗಿನದು ಏನಾದರೂ ಸಿಕ್ಕರೆ ಸುಧಾರಿಸಬಹುದು. ಬೆರಳು ಮರಗಟ್ಟಿ ಸೇಫ್ಟಿ ಪಿನ್ ಬಿಚ್ಚಲಿಕ್ಕೆ ಬರಲಿಲ್ಲವೆಂದರೆ ಎಚ್ಚರ. ಪಕ್ಕದವನ ಮಾತು ತೊದಲಿದರೆ, ಹೆಜ್ಜೆ ಅಡ್ಡಾದಿಡ್ಡಿ ಬಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ, ನಡುಗುತ್ತಿದ್ದವನ ನಡುಕ ತಾನಾಗಿ ನಿಂತು "ಈಗ ಆರಾಮ ಅದೀನಿ" ಎಂದರೆ, ಅವನ ಮಾತು ಕೇಳಬೇಡಿ, ಕೈ ಹಿಡಿದು ನಿಲ್ಲಿಸಿ. ಆ ಹೊತ್ತಿಗೆ ಅವನ ಬುದ್ಧಿಯೂ ಥಂಡಿಯಾಗಿರುತ್ತದೆ. ಗುಂಪು ಬಿಟ್ಟುಹೋದ ನಮ್ಮ ಅಕ್ಕನಿಗೆ ಅಂದು ಬಿಬ್‌ನ ಪಿನ್ ಬಿಚ್ಚಲಾಗಲಿಲ್ಲ, ವ್ಯಾನಿನವರೇ ಬಿಚ್ಚಿದರು. ಇನ್ನು ಹನ್ನೆರಡು ಕಿಲೋಮೀಟರ್ ಓಡಿದ್ದರೆ ಏನಾಗುತ್ತಿತ್ತೋ. ಅವರು ನಿಂತದ್ದು ಸರಿ. ಇಷ್ಟು ಸ್ಪಷ್ಟವಾಗಿ ಯಾರೂ ಅವರಿಗೆ ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ.

ಉತ್ಪ್ರೇಕ್ಷೆ ಎನ್ನುವವರು 2021ರ ಮೇ 22ನ್ನು ನೆನೆಯಿರಿ. ಚೀನಾದ ಗಾನ್ಸು ಪ್ರಾಂತ್ಯದಲ್ಲಿ ಹಳದಿ ನದಿಯ ಕಲ್ಲುಕಾಡಿನ ಬಳಿ ನೂರು ಕಿಲೋಮೀಟರಿನ ಬೆಟ್ಟದ ಓಟ. 172 ಮಂದಿ ಹೊರಟರು. ಎತ್ತರದ ಬೆಟ್ಟದಲ್ಲಿ ಒಮ್ಮೆಲೇ ಆಲಿಕಲ್ಲು, ಥಂಡಿ ಮಳೆ, ಬಿರುಗಾಳಿ. ಬಹಳ ಮಂದಿ ಮೈಮೇಲೆ ಚಡ್ಡಿ, ತೆಳು ಅಂಗಿ ಅಷ್ಟೇ. ಗಾಳಿ ತಡೆಯುವ ಜಾಕೆಟ್ ಕಡ್ಡಾಯವಾಗಿರಲಿಲ್ಲ. 21 ಮಂದಿ ಸತ್ತರು. ಅವರಲ್ಲಿ ಚೀನಾದ ಅತಿ ಹೆಸರಾಂತ ದೂರದ ಓಟಗಾರ ಲಿಯಾಂಗ್ ಜಿಂಗ್ ಕೂಡ ಇದ್ದರು. ಅವರ ಮನಸ್ಸು ಗಟ್ಟಿ ಇರಲಿಲ್ಲವೆಂದು ಹೇಳುವವರು ಯಾರೂ ಇರಲಾರರು. ಆ ದಿನ ಝೂ ಕೆಮಿಂಗ್ ಎಂಬ ಕುರಿಗಾಹಿ ಆರು ಮಂದಿಯನ್ನು ಉಳಿಸಿದ. ತಾನು ಮಳೆಗೆ ಹೊಕ್ಕಿದ್ದ ಗವಿಗೆ ಅವರನ್ನು ಕರೆತಂದು, ಬೆಂಕಿ ಹಾಕಿ, ಕಂಬಳಿ ಹೊದಿಸಿದ. ನಮ್ಮ ಕಡೆಯ ಹಾಲುಮತದವರಿಗೆ ಇದನ್ನು ಹೇಳಿದರೆ ಆಶ್ಚರ್ಯಪಡುವುದಿಲ್ಲ. ಆಷಾಢದಲ್ಲಿ ಕುರಿ ಹಿಂದೆ ಹೋಗುವವನ ಹೆಗಲ ಮೇಲೆ ಕಂಬಳಿ ಇಲ್ಲದ್ದನ್ನು ಯಾರು ನೋಡಿದ್ದಾರೆ?

ಹಾಗಾದರೆ ಮುಗಿಸಿದವರದು ಏನೂ ಅಲ್ಲವೇ? ಅಲ್ಲ ಎಂದು ನಾನೆಲ್ಲಿ ಹೇಳಿದೆ. ಮುಗಿಸಿದವರಿಗಾಗಿ ಬೋಸ್ಟನ್ ಕಥೆ ಇದೆ. 2018ರ ಏಪ್ರಿಲ್ 16, ಮೂರು ನಾಲ್ಕು ಡಿಗ್ರಿಯ ಚಳಿ, ಎದುರುಗಾಳಿ, ಎಡೆಬಿಡದ ಮಳೆ. ಹೆಸರಾಂತ ಓಟಗಾರರು ಒಬ್ಬರ ಹಿಂದೊಬ್ಬರು ಓಟ ಬಿಟ್ಟರು. ಗಂಡಸರಲ್ಲಿ ಗೆದ್ದವರು ಯೂಕಿ ಕವಾಉಚಿ, ಆಗ ಜಪಾನಿನ ಸೈತಾಮದ ಸರ್ಕಾರಿ ನೌಕರ. ಶಾಲೆಯ ಕಚೇರಿಯಲ್ಲಿ ಕೆಲಸ ಮಾಡಿಕೊಂಡು, ವೇಳೆ ಸಿಕ್ಕಾಗ ಓಡುತ್ತಿದ್ದವರು, ಅಂದರೆ ಡ್ಯೂಟಿ ನಡುವೆ ಓಡುವ ನಮ್ಮಂಥವರ ಜಾತಿ. ವೇಳೆ 2:15:58. ಅವರ ಮಾಮೂಲಿ ವೇಳೆಗಿಂತ ನಿಧಾನ, ಆ ದಿನಕ್ಕೆ ಅಷ್ಟೇ ಸಾಕಾಯಿತು. ಹೆಂಗಸರಲ್ಲಿ ಎರಡನೆಯವರಾಗಿ ಬಂದ ಸಾರಾ ಸೆಲ್ಲರ್ಸ್ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ನರ್ಸ್, ಓಟದ ಲೋಕದಲ್ಲಿ ಆಕೆಯ ಹೆಸರೇ ಯಾರಿಗೂ ಗೊತ್ತಿರಲಿಲ್ಲ.

ಆದರೆ ಆ ದಿನದ ಒಳಗುಟ್ಟು ಇರುವುದು ಗೆದ್ದಾಕೆಯಲ್ಲಿ, ಡೆಸ್ ಲಿಂಡೆನ್. ಮೊದಲ ಕೆಲವು ಮೈಲಿಗಳಲ್ಲೇ ಅವರಿಗೆ ಇವತ್ತು ತನ್ನಿಂದಾಗದು ಎನಿಸಿತು. ಜೊತೆಗಿದ್ದ ಶಲೇನ್ ಫ್ಲಾನಗನ್‌ಗೆ, ನಾನು ಬಿಟ್ಟುಬಿಡಬಹುದು, ಅಷ್ಟರೊಳಗೆ ನಿನಗೆ ಗಾಳಿಗೆ ಅಡ್ಡ ನಿಲ್ಲುವುದೋ ಮತ್ತೇನೋ ಬೇಕಿದ್ದರೆ ಹೇಳು ಎಂದರಂತೆ. ಫ್ಲಾನಗನ್ ಶೌಚಕ್ಕೆಂದು ನಿಂತಾಗ ಲಿಂಡೆನ್ ವೇಗ ಇಳಿಸಿ ಕಾದರು, ಮತ್ತೆ ಮುಂದಿನ ಗುಂಪಿಗೆ ಸೇರಿಸಿದರು. ಹಾಗೆ ಇನ್ನೊಬ್ಬರ ಸಲುವಾಗಿ ಓಡುತ್ತ ಓಡುತ್ತ ತಮ್ಮ ಓಟವೇ ಕೂಡಿಬಂತು. 2:39:54ಕ್ಕೆ ಗೆದ್ದರು, 1985ರ ನಂತರ ಬೋಸ್ಟನ್ ಗೆದ್ದ ಮೊದಲ ಅಮೆರಿಕನ್ ಹೆಣ್ಣುಮಗಳು. ಬಿಡಬೇಕೆಂದವರು ಗೆದ್ದರು, ಬಿಡುವ ಯೋಚನೆಯೇ ಇಲ್ಲದೆ ಹೊರಟ ದೊಡ್ಡವರು ಬಿಟ್ಟರು. ಮಳೆಯ ದಿನ ಯಾರು ಯಾವ ಕಡೆಗೆ ಬೀಳುತ್ತಾರೆ ಎಂದು ಮೊದಲೇ ಹೇಳುವ ಜ್ಯೋತಿಷಿ ಇನ್ನೂ ಹುಟ್ಟಿಲ್ಲ.

ಇಲ್ಲಿ ರಾಜ್ಯ ಮೀಸಲು ಪೊಲೀಸರ (ಎಸ್‌ಆರ್‌ಪಿ) ಮೈದಾನದ ಸುತ್ತ ಓಡುವ ಹುಡುಗರಿಗೆ ಎರಡು ಮಾತು ಬೇರೆಯಾಗಿ ಹೇಳಬೇಕು. ದೌಂಡದಲ್ಲಿ ಐದನೇ ಮತ್ತು ಏಳನೇ ತುಕಡಿಗಳಿವೆ, ನಾನವೀಜ್‌ನಲ್ಲಿ ತರಬೇತಿ ಕೇಂದ್ರವಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದ ಹುಡುಗರೂ ಪೊಲೀಸ್ ನೇಮಕಾತಿಗಾಗಿ, ಅಂದರೆ ಭರತಿಗಾಗಿ, ಇಲ್ಲಿ ಕೋಣೆ ಹಿಡಿದು ಓಡುತ್ತಾರೆ. ತಮ್ಮಂದಿರಾ, ನಿಮ್ಮದು 5 ಕಿಲೋಮೀಟರ್, ಪೊಲೀಸ್ ಸಿಪಾಯಿಗೆ ಹೋಗುವವರದು 1600 ಮೀಟರ್. ಮೈ ಥಂಡಿಯಾಗುವಷ್ಟು ಹೊತ್ತು ಅದು ಇರುವುದಿಲ್ಲ, ಆದರೆ ಕೆಸರಿನಲ್ಲಿ ಕಾಲು ಜಾರಿದರೆ ವರ್ಷವೇ ಹೋಯಿತು. 2024ರ ಜೂನ್‌ನಲ್ಲಿ ಭರತಿಯ ಮೈದಾನ ಪರೀಕ್ಷೆ ಮಳೆಗಾಲದ ಬಾಯಲ್ಲೇ ಶುರುವಾಗಿ, ಮಳೆಯಿಂದ ಓಟ ಆಗದ ಕಡೆ ಬೇರೆ ದಿನ ಕೊಡಬೇಕಾಯಿತು. ಮೈದಾನದಲ್ಲಿ ನೀರು ನಿಂತಿದ್ದರೆ ಬೇರೆ ದಿನ ಕೇಳುವುದರಲ್ಲಿ ನಾಚಿಕೆಯೇನಿಲ್ಲ. ನಾವು ಮ್ಯಾರಥಾನ್‌ನವರು ಸೋತರೆ ಮುಂದಿನ ವರ್ಷ ಮತ್ತೆ ಫೀ ಕಟ್ಟುತ್ತೇವೆ, ನಿಮ್ಮದು ವಯಸ್ಸಿನ ಮಿತಿ ಇರುವ ಓಟ. ನಮ್ಮ ಮೆಡಲ್ ಜಗಳದಲ್ಲಿ ನೀವು ಬೀಳಬೇಡಿ.

ಮಳೆಯಲ್ಲಿ ಬಹಳ ದೂರ ಹೋಗುವುದನ್ನು ಕಲಿಯಲು ಬೋಸ್ಟನ್‌ಗೇ ಹೋಗಬೇಕಿಲ್ಲ. ತುಕಾರಾಮರ ಪಾಲಖಿ ಪ್ರತಿ ವರ್ಷ ನಮ್ಮ ತಾಲೂಕಿನ ಯವತ, ವರವಂಡ ಮೇಲೆಯೇ ಪಂಢರಪುರಕ್ಕೆ ಹೋಗುತ್ತದೆ. ದೇಹುವಿನಿಂದ ಸುಮಾರು 250 ಕಿ.ಮೀ., ನಡುವೆ ಮಳೆ ಬಂದರೆ ಮಳೆಯಲ್ಲೇ. ತಲೆ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ ತುಳಸಿ ಗಿಡ, ಎಪ್ಪತ್ತು ದಾಟಿದ ಅಜ್ಜಿಯರು. ಅವರನ್ನು ಮುಟ್ಟಿಸುವುದು ಅವರ ಭಕ್ತಿಯಷ್ಟೇ ಎಂದರೆ ಅರ್ಧ ಮಾತಾಯಿತು. ಯವತದಲ್ಲಿ ಪಾಲಖಿ ಇಳಿದ ರಾತ್ರಿ ಊರೆಲ್ಲ ಸೇರಿ ಪಿಟ್ಲಾ, ಭಾಕರಿ ಮಾಡಿ ಬಡಿಸುವುದನ್ನು ನೀವು ನೋಡಿದ್ದೀರಿ. ಮನೆ ಮನೆಯಿಂದ ಬರುವ ರೊಟ್ಟಿ, ಕಡಾಯಿಯಲ್ಲಿ ಕುದಿಯುವ ಬಿಸಿ ಪಿಟ್ಲಾ. ಹಿಂದೆ ದಿಂಡಿಯ, ಅಂದರೆ ಕೂಡಿ ನಡೆಯುವ ತಂಡದ, ಲಾರಿ ಇರುತ್ತದೆ, ಅದರಲ್ಲಿ ಒಣ ಬಟ್ಟೆ, ಹಾಸಿಗೆ, ತಾಡಪತ್ರಿ. ಜ್ವರ ಬಂದ ಅಜ್ಜಿ ಒಂದು ಹಗಲು ಲಾರಿಯಲ್ಲಿ ಕೂತು, ಮಾರನೇ ಬೆಳಿಗ್ಗೆ ಮತ್ತೆ ತಾಳ ಹಿಡಿದು ನಡೆಯುತ್ತಾಳೆ. "ನಿನ್ನ ವಾರಿ (ಪಂಢರಪುರದ ನಡಿಗೆ) ಮುರೀತು" ಎಂದು ಆಕೆಗೆ ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಓಟದಲ್ಲಿ ಹಾಗಾಗದು, ಅಲ್ಲಿ ಚಿಪ್ ಇದೆ, ಮ್ಯಾಟ್ ಇದೆ, ಕಟ್‌ಆಫ್ ಇದೆ, ಅದು ನ್ಯಾಯವೇ. ಓಡದ ದೂರಕ್ಕೆ ಮೆಡಲ್ ಕೇಳುವವರ ಪರ ನಾನಿಲ್ಲ. ಲಾರಿ ಹತ್ತಿದವರನ್ನು ಮರುದಿನ ಸಾಲಿಗೆ ಕರೆದುಕೊಳ್ಳುವ ಆ ರೀತಿ ಮಾತ್ರ ನಮ್ಮ ಗುಂಪಿಗೆ ಬೇಕು.

ಅದಕ್ಕೇ ಕೆಲವು ಕೆಲಸದ ಮಾತು. ಮುಂದಿನ ಮಳೆ ಓಟಕ್ಕೆ ಹೋಗುವ ಪ್ರತಿಯೊಬ್ಬರೂ ಹೊರಡುವ ಗೆರೆಯ ತನಕ ಕೊಪ್ಪೆ ಹಾಕಿಕೊಂಡು ನಿಲ್ಲಬೇಕು. ನಮ್ಮೂರ ಹೊಲದಲ್ಲಿ ಗೊಬ್ಬರದ ಚೀಲ ಮಡಚಿ ಮಾಡುವ ಅದೇ ಕೊಪ್ಪೆ. ಸಾವಿರಾರು ರೂಪಾಯಿಯ ಜಾಕೆಟ್ ಇಲ್ಲದವರು ದೊಡ್ಡ ಕಸದ ಚೀಲಕ್ಕೆ ತಲೆ, ಕೈ ಹೊಗಿಸುವಷ್ಟು ತೂತು ಮಾಡಿದರೂ ಸಾಕು. ನಗುವವರು ನಗಲಿ. ಹತ್ತಿ ಬನಿಯನ್ ಮನೆಯಲ್ಲಿರಲಿ, ನೆನೆದರೆ ಅದು ನೀರನ್ನು ಬಿಡುವುದಿಲ್ಲ. ತೊಡೆ ಸಂದಿಗೆ, ಕಂಕುಳಿಗೆ, ಹಿಮ್ಮಡಿಗೆ ವ್ಯಾಸಲಿನ್ ಕೈತುಂಬ ಬಳಿಯಿರಿ, ಹಸಿ ಬಟ್ಟೆ ಉಜ್ಜಿ ಬರುವ ಹುಣ್ಣಿನ ಉರಿ ಅಂದು ಸ್ನಾನಕ್ಕೆ ನಿಂತಾಗ ಎಲ್ಲರಿಗೂ ಗೊತ್ತಾಗಿದೆ. ಮಳೆಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಹಸಿವೂ ತಿಳಿಯುವುದಿಲ್ಲ. ಆದರೂ ತಿನ್ನುವುದನ್ನು ಬಿಡಬೇಡಿ, ತಿಂದದ್ದೇ ಕಾವು. ಶೇಂಗಾ ಚಿಕ್ಕಿ ಥಂಡಿಯಲ್ಲಿ ಕಲ್ಲಾಗುತ್ತದೆ, ಖರ್ಜೂರ ಒಳ್ಳೆಯದು.

ಇನ್ನು ಜನ. ನಮ್ಮಲ್ಲಿ ಸ್ವಂತ ಗಾಡಿ ಇರುವವರು ಮೂರು ನಾಲ್ಕು ಮಂದಿ ಇದ್ದೀರಿ. ಮುಂದಿನ ಸಲ ಒಂದು ಗಾಡಿ ಓಡಲಿಕ್ಕಲ್ಲ, ನಿಲ್ಲಲಿಕ್ಕೆ ಬರಬೇಕು. ಸಾರ್ವಜನಿಕರಿಗೆ ಬಿಡುವ ಕಡೆ, ಮೂವತ್ತರಿಂದ ಮೂವತ್ತೈದರ ನಡುವೆ ಎಲ್ಲಾದರೂ. ಅದರಲ್ಲಿ ತಾಡಪತ್ರಿ, ಒಣ ಟವಲ್, ಎಲ್ಲರ ಹೆಸರು ಬರೆದ ಚೀಲದಲ್ಲಿ ಒಂದೊಂದು ಒಣ ಅಂಗಿ, ಶುಂಠಿ ಹಾಕಿದ ಚಹಾದ ದೊಡ್ಡ ಥರ್ಮಾಸ್. ಜೋರಿನವರು ಮುಗಿಸಿದ ಮೇಲೆ ಬಟ್ಟೆ ಬದಲಿಸಿ ಅಲ್ಲಿಗೆ ಮರಳಿ ಬರಬೇಕು, ಕೊನೆಯವರು ದಾಟುವ ತನಕ. ಫೋಟೊ ಆಮೇಲೆ.

ಬಿಟ್ಟುಹೋದ ಇಬ್ಬರನ್ನು ಗುಂಪಿಗೆ ಮತ್ತೆ ಸೇರಿಸುವುದು ಅಡ್ಮಿನ್ ಕೆಲಸವಲ್ಲ, ಬೆಲ್ಲದ ಗೊಂಬೆ ಎಂದು ಬರೆದವರ ಕೆಲಸ. ಫೋನಿನಲ್ಲಲ್ಲ, ಮನೆಗೆ ಹೋಗಿ. ಅಕ್ಕನ ಮನೆ ಕಾಲನಿಯಲ್ಲೇ ಇದೆ, ಸಂಜೆ ಆರರ ಮೇಲೆ ಇರುತ್ತಾರೆ. ತಮ್ಮನಿಗೆ ಈ ವಾರ ರಾತ್ರಿ ಪಾಳಿ, ಹಗಲು ಮಲಗಿರುತ್ತಾನೆ, ಎಬ್ಬಿಸಬೇಡಿ, ಭಾನುವಾರ ಹೋಗಿ.

ಗಾಡಿ ಯಾರದು, ಥರ್ಮಾಸ್ ಯಾರದು ಎಂಬುದನ್ನು ಇದೇ ವಾರ ಗುಂಪಿನಲ್ಲಿ ಬರೆಯಿರಿ. ತಾಡಪತ್ರಿ ನನ್ನ ಹತ್ತಿರ ಇದೆ, ಒಂದು ಮೂಲೆ ಹರಿದಿದೆ, ಹೊಲಿಸಿ ತರುತ್ತೇನೆ.

ನಿಮ್ಮವ,
ಹಿಂದಿನ ಸಾಲಿನ ಓಟಗಾರ
ರೈಲ್ವೆ ಕಾಲನಿ, ದೌಂಡ